ದಂತವೈದ್ಯರ ಕೆಲಸಕ್ಕೆ ದಂತವೈದ್ಯರದೇ ಒರೆಗಲ್ಲು

ಚಿಕಿತ್ಸೆಯ ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದ ರೋಗಿಗೆ ಉಪಕರಣ ಎಷ್ಟು ಶುದ್ಧವಾಗಿದೆ ಎಂಬುದು ತಿಳಿಯದು. ಅದನ್ನು ರೋಗಿಯ ಪರವಾಗಿ ನೋಡುವವರಾರು?

ಇಂಗ್ಲೆಂಡಿನಲ್ಲಿ 2011ರ ಏಪ್ರಿಲ್‌ನಿಂದ ಈ ಹೊಣೆ ಕೇರ್ ಕ್ವಾಲಿಟಿ ಕಮಿಷನ್ ಎಂಬ ಆಯೋಗದ್ದು. ಅದರ ತಪಾಸಣಾಧಿಕಾರಿ ದಂತವೈದ್ಯರೇ ಆಗಿರಬೇಕೆಂದಿಲ್ಲ. ಆದ್ದರಿಂದ ಅವರೊಡನೆ ಸಾಮಾನ್ಯವಾಗಿ ದಂತವೈದ್ಯಕೀಯ ಬಲ್ಲ ತಜ್ಞ ಸಲಹೆಗಾರರೊಬ್ಬರು ತೆರಳುತ್ತಾರೆ.

ಅಲ್ಲಿನ ನಿಯಮದಂತೆ ಬಳಸಿದ ಉಪಕರಣವನ್ನು ತೊಳೆದು, ಬೆಳಕಿನಡಿ ಭೂತಗನ್ನಡಿಯಿಂದ ಪರೀಕ್ಷಿಸಿ, ಬಳಿಕ ಆಟೊಕ್ಲೇವ್ ಯಂತ್ರದಲ್ಲಿ 134ರಿಂದ 137 ಡಿಗ್ರಿ ಸೆಲ್ಸಿಯಸ್ ಉಗಿಗೆ ಕನಿಷ್ಠ 3 ನಿಮಿಷ ಒಡ್ಡಬೇಕು. ದಾಖಲೆ ಪುಸ್ತಕದಲ್ಲಿ ಎಲ್ಲವೂ ಸರಿಯಿರಬಹುದು. ಆದರೆ ಪೊಟ್ಟಣದೊಳಗಿನ ಉಪಕರಣಕ್ಕೆ ಹಲ್ಲು ತುಂಬುವ ಸಿಮೆಂಟಿನ ಕಣ ಅಂಟಿದ್ದರೆ ಪಳಗಿದ ಕಣ್ಣಿಗೆ ಅದು ಕಾಣುತ್ತದೆ. ಕೊಳೆ ಉಳಿದೆಡೆ ಉಗಿ ಲೋಹವನ್ನು ಮುಟ್ಟದು. ಒಬ್ಬರ ಸೋಂಕು ಇನ್ನೊಬ್ಬರ ಬಾಯಿಗೆ ದಾಟುವ ಅಪಾಯವಿರುತ್ತದೆ.

ಎಕ್ಸ್-ರೇ ತೆಗೆದುದಕ್ಕೆ ಕಾರಣ ಬರೆದಿದೆಯೇ, ತುರ್ತು ಔಷಧಗಳ ಅವಧಿ ಮುಗಿದಿಲ್ಲವೇ, ಆಮ್ಲಜನಕ ಸಿದ್ಧವಿದೆಯೇ ಎಂಬುದನ್ನೂ ನೋಡಲಾಗುತ್ತದೆ.

ಸಹೋದ್ಯೋಗಿಯ ತಪ್ಪನ್ನು ಎತ್ತಿ ತೋರುವುದು ಮುಜುಗರದ ಕೆಲಸ. ಸಲಹೆಗಾರರು ಕಂಡದ್ದನ್ನು ತಿಳಿಸುತ್ತಾರೆ, ತೀರ್ಮಾನ ಆಯೋಗದ್ದು. ಅಲ್ಲಿ ದಾಕ್ಷಿಣ್ಯ ತೋರಿದರೆ ಅದರ ಬೆಲೆ ತೆರುವವರು ಕುರ್ಚಿಯಲ್ಲಿರುವ ರೋಗಿಗಳು.