ಕೀಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಮುಂಗಾರು ಹಿಡಿದು ಕೆಲವು ದಿನ ಕಳೆಯುವಷ್ಟರಲ್ಲಿ ಕರಾವಳಿಯ ದನ ಮೇಯುವ ಗುಡ್ಡಗಳ ಚಹರೆಯೇ ಬದಲಾಗುತ್ತದೆ. ಮುರಕಲ್ಲಿನ ಪದವುಗಳ ಮೇಲೆ ಹುಲ್ಲು ಚಿಗುರುತ್ತದೆ, ಒಣಗಿ ಬಿರುಕುಬಿಟ್ಟಿದ್ದ ಹುತ್ತಗಳು ನೆನೆದು ಮೆತ್ತಗಾಗುತ್ತವೆ, ಒಂದು ಬೆಳಿಗ್ಗೆ ಹುಲ್ಲಿನ ನಡುವೆ ಬಿಳಿ ಕೊಡೆಗಳು ಎದ್ದು ನಿಂತಿರುತ್ತವೆ. ದಕ್ಷಿಣ ಕನ್ನಡ, ಉಡುಪಿಯ ಹಳ್ಳಿಗಳಲ್ಲಿ ಇದು ವರ್ಷವಿಡೀ ಕಾದ ಕಾಲ. ಆದರೆ ಅದೇ ಗುಡ್ಡದಲ್ಲಿ, ಅದೇ ವಾರದಲ್ಲಿ, ಅಷ್ಟೇ ಬೆಳ್ಳಗೆ ವಿಷದ ಅಣಬೆಗಳೂ ಏಳುತ್ತವೆ. ಎರಡನ್ನೂ ಬೇರ್ಪಡಿಸುವ ಸಾಕ್ಷ್ಯ ಅಣಬೆಯಲ್ಲೇ ಇರುತ್ತದೆ. ಅದರಲ್ಲಿ ಬಹುಪಾಲನ್ನು ನಾವು ಕೀಳುವ ಅವಸರದಲ್ಲಿ ನೆಲದಲ್ಲೇ ಬಿಟ್ಟುಬರುತ್ತೇವೆ.

ಮೊದಲ ಸಾಕ್ಷ್ಯ ಬುಡ. ಹುತ್ತದ ಅಣಬೆಯನ್ನೇ ತೆಗೆದುಕೊಳ್ಳಿ. ಟರ್ಮಿಟೋಮೈಸಿಸ್ ಎಂಬ ಈ ಕುಲಕ್ಕೆ 1942ರಲ್ಲಿ ಹೆಸರಿಟ್ಟವರು ಫ್ರಾನ್ಸಿನ ಶಿಲೀಂಧ್ರ ವಿಜ್ಞಾನಿ ರೋಜೆ ಹೈಮ್. ಇದು ಗೆದ್ದಲು ಸಾಕುವ ಬೆಳೆ. ಕೆಲಸಗಾರ ಗೆದ್ದಲುಗಳು ಒಣಹುಲ್ಲು, ತರಗೆಲೆ, ಕಟ್ಟಿಗೆಯ ಚೂರುಗಳನ್ನು ತಿಂದು, ಅದನ್ನು ಪೂರ್ತಿ ಜೀರ್ಣಿಸದೆ ಹುತ್ತದೊಳಗೆ ಒಟ್ಟಿ ಸ್ಪಂಜಿನಂಥ ಗೂಡು ಕಟ್ಟುತ್ತವೆ. ಆ ಗೂಡಿನ ಮೇಲೆ ಶಿಲೀಂಧ್ರದ ಎಳೆಗಳು ಹಬ್ಬುತ್ತವೆ. ಗೆದ್ದಲಿನ ಹೊಟ್ಟೆಗೆ ಒಗ್ಗದ ಗಟ್ಟಿ ನಾರನ್ನು ಶಿಲೀಂಧ್ರ ಮೆತ್ತಗೆ ಮಾಡಿಕೊಡುತ್ತದೆ. ಗೆದ್ದಲು ಆ ಗೂಡನ್ನೂ ಅದರ ಮೇಲೆ ಬೆಳೆದ ಬಿಳಿ ಗುಂಡುಗಳನ್ನೂ ತಿನ್ನುತ್ತದೆ. ಆಫ್ರಿಕದಲ್ಲಿ ಸುಮಾರು 3 ಕೋಟಿ ವರ್ಷಗಳ ಹಿಂದೆ ಶುರುವಾದ ಬೇಸಾಯ ಇದು. ಅಲ್ಲಿಂದ ಏಷ್ಯಕ್ಕೂ ಹಬ್ಬಿತು.

ಮಳೆ ಬಂದಾಗ ಈ ಶಿಲೀಂಧ್ರ ನೆಲದಾಳದ ಗೂಡಿನಿಂದ ಮೇಲಕ್ಕೆ ತಲೆ ಎತ್ತಬೇಕು. ಅದಕ್ಕಾಗಿ ಕೊಡೆಯ ನಡುವೆ ಮಣ್ಣನ್ನು ಭೇದಿಸುವ ಚೂಪಾದ ಮೊನೆ ಇರುತ್ತದೆ, ದಂಟು ಗೂಡಿನವರೆಗೂ ಬೇರಿನ ಹಾಗೆ ಉದ್ದಕ್ಕೆ ಇಳಿದಿರುತ್ತದೆ. ದಂಟಿನ ಪಕ್ಕದ ಮಣ್ಣನ್ನು ಮೆಲ್ಲಗೆ ಬಿಡಿಸುತ್ತ ಹೋದರೆ ಈ ಬೇರು ಸಣ್ಣದಾಗುತ್ತ ಗೂಡಿಗೆ ತಲುಪುವುದನ್ನು ಕಣ್ಣಾರೆ ನೋಡಬಹುದು. ನೆಲಮಟ್ಟದಲ್ಲಿ ಚಿವುಟಿದರೆ ಆ ಗುರುತು ಅಲ್ಲಿಗೇ ಹೋಯಿತು.

ಬುಡ ನೋಡಬೇಕೆನ್ನಲು ಇನ್ನೂ ದೊಡ್ಡ ಕಾರಣವಿದೆ. ಜಗತ್ತಿನಲ್ಲಿ ಅಣಬೆಯಿಂದಾದ ಸಾವುಗಳಲ್ಲಿ ಬಹುಪಾಲಿಗೆ ಕಾರಣ ಅಮಾನಿಟಾ ಕುಲದ ಕೆಲವು ಪ್ರಭೇದಗಳು. ಇವು ಎಳೆಯವಾಗಿದ್ದಾಗ ಪೂರ್ತಿ ಒಂದು ಪೊರೆಯೊಳಗೆ ಇರುತ್ತವೆ. ಬೆಳೆದ ಮೇಲೆ ಆ ಪೊರೆ ಹರಿದು, ದಂಟಿನ ಬುಡದಲ್ಲಿ ಚೀಲವಾಗಿ ಮಣ್ಣಿನೊಳಗೆ ಉಳಿಯುತ್ತದೆ. ಅಣಬೆಯನ್ನು ಜಗ್ಗಿ ಕಿತ್ತವರ ಕೈಗೆ ಬರುವುದು ಚೀಲವಿಲ್ಲದ ನಿರಪರಾಧಿ ದಂಟು ಮಾತ್ರ.

ಎರಡನೆಯ ಸಾಕ್ಷ್ಯ ಬೀಜಕದ ಬಣ್ಣ. ಕೊಡೆಯನ್ನು ತಿರುಗಿಸಿದರೆ ಪುಸ್ತಕದ ಹಾಳೆಗಳಂತೆ ಒತ್ತಾಗಿ ನಿಂತ ತೆಳು ಪದರಗಳು ಕಾಣುತ್ತವೆ. ಈ ಪದರಗಳ ಎರಡೂ ಮೈಯಲ್ಲಿ ಕಣ್ಣಿಗೆ ಕಾಣದ ಬೀಜಕಗಳು ಬೆಳೆಯುತ್ತವೆ. ಒಂದು ದೊಡ್ಡ ಅಣಬೆ ತನ್ನ ಕೆಲವೇ ದಿನಗಳ ಆಯುಸ್ಸಿನಲ್ಲಿ ನೂರು ಕೋಟಿಗೂ ಮಿಕ್ಕಿ ಬೀಜಕ ಉದುರಿಸಬಲ್ಲದು. ಆದರೆ ಅಂಟಿಕೊಂಡಂತಿರುವ ಆ ಪದರಗಳ ನಡುವಿನಿಂದ ಅವು ಹೊರಬರುವುದಾದರೂ ಹೇಗೆ? ಕಳೆದ ಶತಮಾನದ ಆರಂಭದಲ್ಲಿ ಇದನ್ನು ಹಗಲಿರುಳು ಗಮನಿಸಿದವರು ಕೆನಡಾದಲ್ಲಿ ನೆಲೆಸಿದ್ದ ರೆಜಿನಾಲ್ಡ್ ಬುಲ್ಲರ್. ಬೀಜಕದ ಬುಡದಲ್ಲಿ ಮೊದಲು ನೀರಿನ ಒಂದು ಹನಿ ಮೂಡುತ್ತದೆ. ಅಲ್ಲಿರುವ ಸಕ್ಕರೆಯಂಥ ವಸ್ತುಗಳು ಗಾಳಿಯ ತೇವವನ್ನು ಎಳೆದುಕೊಂಡು ಹನಿಯನ್ನು ದಪ್ಪಗೊಳಿಸುತ್ತವೆ. ಬೀಜಕದ ಮೈಮೇಲೆ ಇನ್ನೊಂದು ತೆಳು ನೀರಪೊರೆ ಇರುತ್ತದೆ. ಬೆಳೆದ ಹನಿ ಆ ಪೊರೆಯನ್ನು ಮುಟ್ಟಿದೊಡನೆ ಎರಡೂ ಕೂಡಿಕೊಳ್ಳುತ್ತವೆ, ಹನಿಯ ಮೇಲ್ಮೈ ಎಳೆತದಲ್ಲಿದ್ದ ಶಕ್ತಿ ಬಿಡುಗಡೆಯಾಗಿ ಬೀಜಕ ಸಿಡಿಯುತ್ತದೆ. ಆ ಕ್ಷಣದ ವೇಗೋತ್ಕರ್ಷ ಗುರುತ್ವದ ಸಾವಿರಾರು ಪಟ್ಟು. ಆದರೂ ಗಾಳಿಯ ತಡೆಯಿಂದ ಅದು ಚಲಿಸುವ ದೂರ ಒಂದು ಮಿಲಿಮೀಟರಿಗೂ ಕಡಿಮೆ. ಎದುರು ಪದರಕ್ಕೆ ತಗಲದಷ್ಟು, ತನ್ನ ಪದರಕ್ಕೆ ಮರಳಿ ಅಂಟದಷ್ಟು. ಅಲ್ಲಿಂದ ನೇರ ಕೆಳಕ್ಕೆ.

ಹೀಗೆ ನೇರ ಕೆಳಕ್ಕೆ ಬೀಳುವುದರಿಂದಲೇ ನಮಗೊಂದು ಪರೀಕ್ಷೆ ಸಿಕ್ಕಿದೆ. ಅರಳಿದ ಅಣಬೆಯ ದಂಟು ಕತ್ತರಿಸಿ, ಪದರದ ಮೈ ಕೆಳಗಾಗುವಂತೆ ಕೊಡೆಯನ್ನು ಕಾಗದದ ಮೇಲಿಡಿ. ಕಾಗದ ಅರ್ಧ ಬಿಳಿ, ಅರ್ಧ ಕಪ್ಪು ಇರಲಿ. ಗಾಳಿಯಾಡದಂತೆ ಪಾತ್ರೆಯೊಂದನ್ನು ಕವುಚಿ ರಾತ್ರಿ ಬಿಟ್ಟರೆ ಬೆಳಿಗ್ಗೆ ಬೀಜಕದ ಪುಡಿ ಪದರಗಳ ಅಚ್ಚನ್ನೇ ಬರೆದಿರುತ್ತದೆ. ಹುತ್ತದ ಅಣಬೆಯ ಅಚ್ಚು ನಸುಗುಲಾಬಿ. ಅಮಾನಿಟಾದ್ದು ಬಿಳಿ. ಸಗಣಿಯ ಮೇಲೆ ಏಳುವ ಸಪೂರ ದಂಟಿನ ಪೆನಿಯೋಲಸ್ ಅಣಬೆಗಳದ್ದು ಕಪ್ಪು.

ಹುಲ್ಲುಗಾವಲಿನಲ್ಲಿ ಈ ಪರೀಕ್ಷೆ ಹಿಡಿದುಕೊಡುವ ಮುಖ್ಯ ಆರೋಪಿ ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್. ಉಷ್ಣವಲಯದ ಮೇವಿನ ನೆಲ, ಆಟದ ಮೈದಾನ, ಉದ್ಯಾನದ ಹುಲ್ಲುಹಾಸು ಎಲ್ಲವೂ ಇದಕ್ಕೆ ಒಗ್ಗುತ್ತದೆ. ಅಂಗೈಗಿಂತ ಅಗಲವಾದ ಬಿಳಿ ಕೊಡೆ, ಮೇಲೆ ಕಂದು ಚಕ್ಕೆಗಳು, ದಂಟಿನಲ್ಲಿ ಬಳೆ. ಎಳೆಯದಾಗಿದ್ದಾಗ ಪದರಗಳೂ ಬಿಳಿ. ತಿನ್ನುವ ಜಾತಿಯೆಂದು ಜನ ನಂಬುವುದು ಆಗಲೇ. ಬಲಿತಂತೆ ಪದರ ಹಸಿರು ಮಿಶ್ರಿತ ಬೂದಿಬಣ್ಣಕ್ಕೆ ತಿರುಗುತ್ತದೆ, ಬೀಜಕದ ಅಚ್ಚು ಮಬ್ಬು ಹಸಿರು. ಅಣಬೆಗಳಲ್ಲಿ ಹಸಿರು ಅಚ್ಚು ಬಲು ಅಪರೂಪ, ಆದ್ದರಿಂದ ಇದು ಗಟ್ಟಿ ಗುರುತು. ತಿಂದವರಿಗೆ ಸಾಮಾನ್ಯವಾಗಿ ಒಂದರಿಂದ ಮೂರು ಗಂಟೆಯೊಳಗೆ ವಿಪರೀತ ವಾಂತಿಭೇದಿ ಶುರುವಾಗುತ್ತದೆ. ಮೊಗ್ಗಿನಂಥ ಎಳೆಯ ಅಣಬೆ ಅಚ್ಚನ್ನೇ ಕೊಡದಿರಬಹುದು; ಅಚ್ಚು ಸಿಗದ ಅಣಬೆಯನ್ನು ಗುರುತು ಸಿಗದ ಅಣಬೆಯೆಂದೇ ತಿಳಿಯಬೇಕು.

ಬೀಜಕದ ಬಣ್ಣ ಎಷ್ಟು ಮುಖ್ಯವೆಂಬುದಕ್ಕೆ ದೂರದ ಒಂದು ದುರಂತ ಸಾಕ್ಷಿ. ಭತ್ತದ ಹುಲ್ಲಿನ ಮೇಲೆ ಬೆಳೆಯುವ ಅಣಬೆಯ ಬುಡದಲ್ಲೂ ಚೀಲವಿರುತ್ತದೆ. ಏಷ್ಯದಲ್ಲಿ ಅದನ್ನು ತಿಂದು ಬೆಳೆದವರು ಬೇರೆ ಖಂಡಗಳಿಗೆ ಹೋದಾಗ, ಅಲ್ಲಿ ಓಕ್ ಮರದ ಕೆಳಗೆ ಬೆಳೆಯುವ ಅಮಾನಿಟಾ ಫಲಾಯ್ಡಿಸ್ ಅದೇ ಎಂದು ಭಾವಿಸಿದ ಪ್ರಸಂಗಗಳಿವೆ. ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ 2012ರ ಹೊಸವರ್ಷದ ಹೊತ್ತಿನಲ್ಲಿ ಈ ಅಣಬೆಯ ಅಡುಗೆ ಉಂಡ ಇಬ್ಬರು ತೀರಿಕೊಂಡರು. ಭತ್ತದ ಹುಲ್ಲಿನ ಅಣಬೆಯ ಅಚ್ಚು ಗುಲಾಬಿ, ಅಮಾನಿಟಾ ಫಲಾಯ್ಡಿಸ್‌ನದು ಬಿಳಿ. ಒಂದು ಊರಿನ ಅನುಭವ ಆ ಊರಿನ ಮಣ್ಣಿಗೆ, ಅಲ್ಲಿನ ಮರಗಳಿಗೆ ಹೊಂದಿಕೊಂಡದ್ದು. ಸಿಡ್ನಿಯಲ್ಲೋ ಸ್ಯಾನ್ ಫ್ರಾನ್ಸಿಸ್ಕೋದಲ್ಲೋ ನೆಲೆಸಿ ಮಳೆಗಾಲದ ಅಣಬೆಗೆ ಹಂಬಲಿಸುವ ನಮ್ಮವರೂ ಇದನ್ನು ಮನಸ್ಸಿನಲ್ಲಿಡಬೇಕು.

ಯಾವುದೇ ಒಂದು ಲಕ್ಷಣವನ್ನು ನೆಚ್ಚಿ ಕೂರುವಂತೆಯೂ ಇಲ್ಲ. ಹುತ್ತದ ಅಣಬೆಗೆ ಉದ್ದ ಬೇರಿರಬೇಕೆಂದರೆ, ಅದೇ ಕುಲದ ಟರ್ಮಿಟೋಮೈಸಿಸ್ ಮೈಕ್ರೋಕಾರ್ಪಸ್‌ಗೆ ಅದಿಲ್ಲ. ಗೆದ್ದಲು ಹೊರಗೆ ತಂದು ಹಾಕಿದ ಗೂಡಿನ ಚೂರುಗಳಿಂದ ಅದರ ಪುಟ್ಟ ಕೊಡೆಗಳು ನೂರಾರು ಸಂಖ್ಯೆಯಲ್ಲಿ ಏಳುತ್ತವೆ. ಹುತ್ತದಲ್ಲಿ ಎದ್ದದ್ದೆಲ್ಲ ಹುತ್ತದ ಅಣಬೆ ಎಂದರೆ, ಗೆದ್ದಲು ಬಿಟ್ಟುಹೋದ ಗೂಡಿನಿಂದ ಕ್ಸೈಲೇರಿಯಾ ಎಂಬ ಬೇರೆ ಶಿಲೀಂಧ್ರದ ಕಪ್ಪು ಕಡ್ಡಿಗಳು ಏಳುತ್ತವೆ. ಗುಂಡಗೆ ಬಿಳಿ ಚೆಂಡಿನಂತಿದ್ದದ್ದನ್ನು ಉದ್ದಕ್ಕೆ ಸೀಳಲೇಬೇಕು: ಒಳಗೆ ಕೊಡೆ, ದಂಟಿನ ರೇಖೆ ಕಂಡರೆ ಅದು ಪೊರೆಯೊಳಗಿನ ಎಳೆಯ ಅಮಾನಿಟಾ ಇರಬಹುದು. ನೆಲೆ, ಬುಡ, ಬಳೆ, ಪದರ ದಂಟಿಗೆ ಅಂಟಿದೆಯೇ ಇಲ್ಲವೇ, ಕತ್ತರಿಸಿದಾಗ ಬಣ್ಣ ತಿರುಗುತ್ತದೆಯೇ, ಅಚ್ಚಿನ ಬಣ್ಣವೇನು: ಇವೆಲ್ಲವೂ ಒಂದೇ ಹೆಸರನ್ನು ಹೇಳಬೇಕು. ಒಂದು ತಪ್ಪಿದರೂ ಆ ಅಣಬೆ ಅಡುಗೆಮನೆಗೆ ಬರಬಾರದು.

ಮನೆಮನೆಯಲ್ಲಿ ಬಳಕೆಯಲ್ಲಿರುವ ಪರೀಕ್ಷೆಗಳ ಬಗ್ಗೆ ಖಂಡಿತವಾಗಿ ಹೇಳಬೇಕಾದ ಮಾತೊಂದಿದೆ. ಬೆಳ್ಳಿ ಕಪ್ಪಾಗುತ್ತದೆ, ಅಕ್ಕಿಯ ಬಣ್ಣ ಬದಲಾಗುತ್ತದೆ, ಹುಳು ತಿಂದದ್ದು ಒಳ್ಳೆಯದು, ಚೆನ್ನಾಗಿ ಬೇಯಿಸಿದರೆ ವಿಷ ಹೋಗುತ್ತದೆ: ಇವುಗಳಲ್ಲಿ ಒಂದೂ ನಿಜವಲ್ಲ. ಅಮಾನಿಟಾದ ವಿಷ ಬೆಂಕಿಗೆ ಬಗ್ಗುವುದಿಲ್ಲ, ಕೆಲವು ಹುಳುಗಳು ಅದನ್ನು ತಿಂದರೂ ಬದುಕುತ್ತವೆ. ಅದರ ಲಕ್ಷಣ ತೋರಲು ಆರು ಗಂಟೆಗೂ ಹೆಚ್ಚು ಬೇಕು. ವಾಂತಿಭೇದಿಯಾಗಿ, ನಡುವೆ ಒಂದು ದಿನ ವಾಸಿಯಾದಂತೆ ಕಂಡು, ಆಮೇಲೆ ಯಕೃತ್ತು ಕುಸಿಯುತ್ತದೆ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನ ಚಹಾ ತೋಟಗಳ ಸೀಮೆಯಲ್ಲಿ ಕಾಡು ಅಣಬೆ ತಿಂದು ಹತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಸಂಶಯ ಬಂದರೆ ಸುಧಾರಿಸಿತೆಂದು ಮನೆಯಲ್ಲಿ ಕೂರದೆ, ಉಳಿದ ಅಣಬೆಯನ್ನು ಬುಡಸಹಿತ ಹಿಡಿದುಕೊಂಡು ಆಸ್ಪತ್ರೆಗೆ ಹೋಗಬೇಕು.

ಗುಡ್ಡದ ಯಾವ ಹುತ್ತದಲ್ಲಿ ಯಾವ ಮಳೆಗೆ ಯಾವುದು ಏಳುತ್ತದೆಂದು ಬಲ್ಲ ಹಿರಿಯರು ಈಗಲೂ ನಮ್ಮ ನಡುವೆ ಇದ್ದಾರೆ. ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ಕರಾವಳಿ ಮತ್ತು ಪಶ್ಚಿಮಘಟ್ಟದ ಅಣಬೆಗಳನ್ನು ದಾಖಲಿಸಿದ್ದಾರೆ. ಈ ಎರಡು ತಿಳಿವಳಿಕೆಗಳು ಶಾಲೆಯ ಅಂಗಳದಲ್ಲಿ ಒಂದಾಗಬೇಕು. ಪ್ರತಿ ಮಳೆಗಾಲ ಮಕ್ಕಳು ಹಿರಿಯರೊಂದಿಗೆ ಗುಡ್ಡಕ್ಕೆ ಹೋಗಿ, ಬುಡಸಹಿತ ಚಿತ್ರ ಬರೆದು, ಅಚ್ಚು ತೆಗೆದು, ಸ್ಥಳೀಯ ಹೆಸರಿನೊಂದಿಗೆ ದಿನಾಂಕ ಗುರುತಿಸಿಟ್ಟರೆ ಕೆಲವೇ ವರ್ಷಗಳಲ್ಲಿ ಊರಿಗೊಂದು ಅಣಬೆ ಪುಸ್ತಕ ಸಿದ್ಧವಾಗುತ್ತದೆ. ಆ ಪುಸ್ತಕ ವಿಷದಿಂದ ಜನರನ್ನು ಕಾಪಾಡುತ್ತದೆ; ಮೇವಿನ ಗುಡ್ಡವನ್ನು ಬರಡು ಭೂಮಿಯೆಂದು ಬಗೆದು ಅಗೆಯಲು ಹೊರಟವರಿಗೆ, ಅಲ್ಲಿ ಏನೇನು ಬದುಕಿದೆ ಎಂಬ ಲೆಕ್ಕವನ್ನೂ ಮುಂದಿಡುತ್ತದೆ.