ರಕ್ತ ಏರಿಸಿದ ಮೇಲೆ ಏದುಸಿರು: ತಪ್ಪು ಕಲ್ಪನೆ ಮತ್ತು ಸತ್ಯ

ರಕ್ತ ಏರಿಸಬೇಕು ಎಂದು ವೈದ್ಯರು ಹೇಳಿದೊಡನೆ ಮನೆಯವರು ಕೇಳುವುದು ಎರಡೇ ಪ್ರಶ್ನೆ: ಗ್ರೂಪ್ ಹೊಂದುತ್ತದೆಯೇ? ಎಚ್‌ಐವಿ ಪರೀಕ್ಷೆ ಆಗಿದೆಯೇ? ಎರಡಕ್ಕೂ ಹೌದೆಂಬ ಉತ್ತರ ಬಂದ ಮೇಲೂ ಒಂದು ಅಪಾಯ ಉಳಿದಿರುತ್ತದೆ. ರಕ್ತ ಏರುತ್ತಿರುವಾಗಲೇ ಅಥವಾ ಮುಗಿದ ಆರು ಗಂಟೆಯೊಳಗೆ ರೋಗಿಗೆ ಇದ್ದಕ್ಕಿದ್ದಂತೆ ಏದುಸಿರು ಹತ್ತುತ್ತದೆ, ಆಮ್ಲಜನಕದ ಮಟ್ಟ ಕುಸಿಯುತ್ತದೆ, ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶ ಬೆಳ್ಳಗೆ ಕಾಣುತ್ತವೆ. ರಕ್ತಪೂರಣದಿಂದಾಗುವ ಈ ತೀವ್ರ ಶ್ವಾಸಕೋಶ ಹಾನಿಯನ್ನು ವೈದ್ಯರು ಚುಟುಕಾಗಿ 'ಟ್ರಾಲಿ' ಎನ್ನುತ್ತಾರೆ. ಇದು ಅಪರೂಪದ್ದು. ಆದರೆ ಬಂದಾಗ ಗುರುತಿಸದಿದ್ದರೆ ಜೀವಕ್ಕೇ ಎರವಾಗಬಹುದು.

ತಪ್ಪು ಕಲ್ಪನೆ: ಗ್ರೂಪ್ ಹೊಂದಿದರೆ ಏನೂ ಆಗುವುದಿಲ್ಲ.

ಸತ್ಯ: ಗ್ರೂಪ್ ನೋಡುವುದು, ಕ್ರಾಸ್‌ಮ್ಯಾಚ್ ಮಾಡುವುದು ಕೆಂಪು ರಕ್ತಕಣಗಳ ಹೊಂದಾಣಿಕೆಗಾಗಿ. ಟ್ರಾಲಿಯಲ್ಲಿ ತಕರಾರು ಬಿಳಿ ರಕ್ತಕಣಗಳದ್ದು. ದಾನಿಯ ಪ್ಲಾಸ್ಮಾದಲ್ಲಿ ಬಿಳಿ ಕಣಗಳ ವಿರುದ್ಧ ಪ್ರತಿಕಾಯಗಳಿದ್ದರೆ ಅವು ರೋಗಿಯ ನ್ಯೂಟ್ರೋಫಿಲ್‌ಗಳಿಗೆ ಅಂಟಿಕೊಂಡು ಅವನ್ನು ಕೆರಳಿಸುತ್ತವೆ. ಕೆರಳಿದ ಕಣಗಳು ಶ್ವಾಸಕೋಶದ ಕಿರಿದಾದ ಲೋಮನಾಳಗಳಲ್ಲಿ ಸಿಕ್ಕಿಕೊಂಡು ಸೂಸುವ ರಾಸಾಯನಿಕಗಳಿಂದ ನಾಳದ ಗೋಡೆ ಸೋರತೊಡಗುತ್ತದೆ. ಗಾಳಿ ಇರಬೇಕಾದ ಜಾಗದಲ್ಲಿ ದ್ರವ ತುಂಬುತ್ತದೆ. ಸೋಂಕು, ದೊಡ್ಡ ಶಸ್ತ್ರಚಿಕಿತ್ಸೆಗಳಿಂದ ರೋಗಿಯ ಬಿಳಿ ಕಣಗಳು ಮೊದಲೇ ಉದ್ರೇಕಗೊಂಡಿದ್ದರೆ ಅಪಾಯ ಹೆಚ್ಚು. ಒಬ್ಬರೇ ದಾನಿಯ ರಕ್ತ ಒಬ್ಬರಿಗೆ ಒಗ್ಗಿ, ಇನ್ನೊಬ್ಬರಿಗೆ ಕುತ್ತಾಗುವುದಕ್ಕೆ ಇದೂ ಒಂದು ಕಾರಣ.

ತಪ್ಪು ಕಲ್ಪನೆ: ದಾನಿಗೇ ಏನೋ ಕಾಯಿಲೆ ಇದ್ದಿರಬೇಕು.

ಸತ್ಯ: ದಾನಿ ಪೂರ್ತಿ ಆರೋಗ್ಯವಂತರೇ ಆಗಿರಬಹುದು. ಈ ಪ್ರತಿಕಾಯಗಳು ಹುಟ್ಟುವುದು ಹೆಚ್ಚಾಗಿ ಗರ್ಭಾವಸ್ಥೆಯಲ್ಲಿ. ಮಗುವಿಗೆ ತಂದೆಯಿಂದ ಬಂದ ಗುರುತುಗಳನ್ನು ತಾಯಿಯ ದೇಹ ಪರಕೀಯವೆಂದು ಎಣಿಸಿ ಪ್ರತಿಕಾಯ ತಯಾರಿಸುತ್ತದೆ. 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಗರ್ಭ ಧರಿಸದ ದಾನಿಗಳಲ್ಲಿ ಶೇ 1.7ರಷ್ಟು ಮಂದಿಗೆ ಮಾತ್ರ ಇಂಥ ಪ್ರತಿಕಾಯಗಳಿದ್ದವು. ನಾಲ್ಕು ಅಥವಾ ಹೆಚ್ಚು ಸಲ ಗರ್ಭ ಧರಿಸಿದವರಲ್ಲಿ ಶೇ 32ರಷ್ಟು ಮಂದಿಗೆ. ಇದರಿಂದ ಆ ತಾಯಂದಿರಿಗೆ ಯಾವ ತೊಂದರೆಯೂ ಇಲ್ಲ.

ತಪ್ಪು ಕಲ್ಪನೆ: ಹಾಗಾದರೆ ಹೆಂಗಸರು ರಕ್ತದಾನ ಮಾಡಬಾರದು.

ಸತ್ಯ: ಖಂಡಿತ ಮಾಡಬಹುದು. ದಾನವಾದ ರಕ್ತವನ್ನು ಕೆಂಪು ಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಎಂದು ಬೇರ್ಪಡಿಸಬಹುದು. ಪ್ರತಿಕಾಯ ಇರುವುದು ಪ್ಲಾಸ್ಮಾದಲ್ಲಿ. ಬ್ರಿಟನ್ 2003ರ ಕೊನೆಯಿಂದ ರೋಗಿಗಳಿಗೆ ಕೊಡುವ ಪ್ಲಾಸ್ಮಾವನ್ನು ಆದಷ್ಟೂ ಪುರುಷ ದಾನಿಗಳಿಂದಲೇ ಪಡೆಯತೊಡಗಿತು. ಟ್ರಾಲಿ ಪ್ರಕರಣಗಳು ಎದ್ದು ಕಾಣುವಂತೆ ಇಳಿದವು. ಮಹಿಳೆಯರ ಕೆಂಪು ಕಣಗಳ ಬಳಕೆ ಮಾತ್ರ ನಿಲ್ಲಲಿಲ್ಲ.

ತಪ್ಪು ಕಲ್ಪನೆ: ಹೊರಗಿನವರದ್ದಕ್ಕಿಂತ ಮನೆಯವರ ರಕ್ತವೇ ಸುರಕ್ಷಿತ.

ಸತ್ಯ: ಇಲ್ಲಿ ಲೆಕ್ಕ ತಲೆಕೆಳಗು. ತಾಯಿಯ ಪ್ರತಿಕಾಯ ಹುಟ್ಟಿದ್ದೇ ಮಗುವಿನಲ್ಲಿರುವ ಗುರುತುಗಳ ವಿರುದ್ಧ. ಅವಳ ರಕ್ತವನ್ನೇ ಮಗುವಿಗೆ ಏರಿಸಿದರೆ ಅದಕ್ಕೆ ಗುರಿ ಸಿಕ್ಕಂತೆ. ಅಲ್ಲದೆ ಹತ್ತಿರದ ಬಂಧುಗಳ ರಕ್ತದಲ್ಲಿನ ಲಿಂಫೋಸೈಟ್‌ಗಳು ರೋಗಿಯ ದೇಹದಲ್ಲಿ ನೆಲೆಯೂರಿ ಅದರ ಮೇಲೇ ದಾಳಿ ಮಾಡುವ ಮತ್ತೊಂದು ಮಾರಕ ತೊಂದರೆಯೂ ಇದೆ. ಅದನ್ನು ತಪ್ಪಿಸಲು ಅಂಥ ರಕ್ತಕ್ಕೆ ವಿಕಿರಣ ಹಾಯಿಸಬೇಕಾಗುತ್ತದೆ.

ತಪ್ಪು ಕಲ್ಪನೆ: ಶ್ವಾಸಕೋಶದಲ್ಲಿ ನೀರು ತುಂಬಿತೆಂದರೆ ರಕ್ತ ಜೋರಾಗಿ ಬಿಟ್ಟಿದ್ದಾರೆ, ಹೃದಯ ಸೋತಿದೆ.

ಸತ್ಯ: ಹಾಗೆ ಆಗುವುದೂ ಉಂಟು. ಅದು 'ಟಾಕೊ' ಎಂಬ ಬೇರೆಯೇ ತೊಂದರೆ. ವಯಸ್ಸಾದವರಲ್ಲಿ, ಹೃದಯ ಇಲ್ಲವೇ ಮೂತ್ರಪಿಂಡದ ಕಾಯಿಲೆಯವರಲ್ಲಿ ಹೆಚ್ಚು. ಬಿಪಿ ಏರುತ್ತದೆ, ಮೂತ್ರ ಹೆಚ್ಚಿಸುವ ಔಷಧಕ್ಕೆ ಇಳಿಯುತ್ತದೆ. ಟ್ರಾಲಿಯಲ್ಲಿ ಹೃದಯದ ಮೇಲೆ ಭಾರ ಬಿದ್ದಿರುವುದಿಲ್ಲ. ಬಿಪಿ ಹಲವೊಮ್ಮೆ ಇಳಿಯುತ್ತದೆ, ಜ್ವರವೂ ಬರಬಹುದು. ಆಗ ಮೂತ್ರ ಹೆಚ್ಚಿಸುವ ಔಷಧ ಕೊಟ್ಟರೆ ಬಿಪಿ ಇನ್ನಷ್ಟು ಕುಸಿದೀತು. ರಕ್ತ ನಿಲ್ಲಿಸುವುದು, ಆಮ್ಲಜನಕ ಕೊಡುವುದು, ಬೇಕಾದರೆ ವೆಂಟಿಲೇಟರ್ ಹಾಕುವುದು, ಇಷ್ಟೇ ಚಿಕಿತ್ಸೆ.

ತಪ್ಪು ಕಲ್ಪನೆ: ಟ್ರಾಲಿ ಬಂದವರು ಉಳಿಯುವುದಿಲ್ಲ.

ಸತ್ಯ: ಬಹುಪಾಲು ಜನ ಚೇತರಿಸಿಕೊಳ್ಳುತ್ತಾರೆ. ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು 1985ರಲ್ಲಿ ವರದಿ ಮಾಡಿದ 36 ರೋಗಿಗಳಲ್ಲಿ ಎಲ್ಲರಿಗೂ ಆಮ್ಲಜನಕ ಬೇಕಾಯಿತು, ಹೆಚ್ಚಿನವರಿಗೆ ವೆಂಟಿಲೇಟರ್ ಕೂಡ. ಆದರೂ ಹತ್ತರಲ್ಲಿ ಎಂಟು ಮಂದಿಯ ಶ್ವಾಸಕೋಶ ನಾಲ್ಕು ದಿನದೊಳಗೆ ತಿಳಿಯಾಯಿತು.

ತಪ್ಪು ಕಲ್ಪನೆ: ಸುಸ್ತಾದಾಗ ಒಂದು ಬಾಟಲಿ ರಕ್ತ ಹಾಕಿಸಿಕೊಂಡರೆ ಶಕ್ತಿ ಬರುತ್ತದೆ.

ಸತ್ಯ: ರಕ್ತ ಟಾನಿಕ್ ಅಲ್ಲ. ರಕ್ತಸ್ರಾವವಿಲ್ಲದೆ ಸ್ಥಿರವಾಗಿರುವ ಹೆಚ್ಚಿನ ರೋಗಿಗಳಿಗೆ ಹಿಮೋಗ್ಲೋಬಿನ್ 7 ಗ್ರಾಂಗಿಂತ ಕೆಳಗಿಳಿಯುವವರೆಗೆ ರಕ್ತ ಬೇಕಾಗುವುದಿಲ್ಲ. ಹೃದ್ರೋಗಿಗಳಿಗೆ ಈ ಮಿತಿ ಸುಮಾರು 8. ಕಬ್ಬಿಣಾಂಶದ ಕೊರತೆಗೆ ಮಾತ್ರೆ ಅಥವಾ ಇಂಜೆಕ್ಷನ್ ಇದೆ. ಏರಿಸದೇ ಬಿಟ್ಟ ರಕ್ತದಿಂದ ಟ್ರಾಲಿ ಬರುವುದಿಲ್ಲ.

ಭಾರತದಲ್ಲಿ ಇಂಥ ಪ್ರತಿಕ್ರಿಯೆಗಳನ್ನು ದಾಖಲಿಸಲು 2012ರ ಡಿಸೆಂಬರ್‌ನಿಂದ ಹಿಮೋವಿಜಿಲೆನ್ಸ್ ಕಾರ್ಯಕ್ರಮವಿದೆ. ಆಸ್ಪತ್ರೆ ರಕ್ತನಿಧಿಗೆ ತಿಳಿಸಿದರೆ ಆ ದಾನಿಯನ್ನು ಪತ್ತೆಹಚ್ಚಿ, ಅವರ ಪ್ಲಾಸ್ಮಾ ಇನ್ನೊಬ್ಬರಿಗೆ ಹೋಗದಂತೆ ತಡೆಯಬಹುದು. ಅಪಘಾತದಲ್ಲಿ, ಹೆರಿಗೆಯ ರಕ್ತಸ್ರಾವದಲ್ಲಿ ರಕ್ತವೇ ಜೀವ ಉಳಿಸುತ್ತದೆ. ಈ ಭಯಕ್ಕೆ ಬೇಡ ಎನ್ನಬೇಡಿ. ರೋಗಿಯ ಪಕ್ಕ ಕೂತವರು ಮೊದಲ ಆರು ಗಂಟೆ ಉಸಿರಾಟದ ಮೇಲೆ ಕಣ್ಣಿಡಿ. ಏದುಸಿರು, ನಡುಕ, ತುಟಿ ನೀಲಿಯಾಗುವುದು ಕಂಡರೆ ಬಾಟಲಿ ಮುಗಿಯಲಿ ಎಂದು ಕಾಯದೆ ತಕ್ಷಣ ನರ್ಸನ್ನು ಕರೆಯಿರಿ.