ಘಟ್ಟದ ಬುಡದ ಹೊಸಂಗಡಿ

ಇಂಗ್ಲೀಷ್ ಪಾಠಗಳಲ್ಲಿ ಬರುವ ಗುಡ್ಡದೂರುಗಳಲ್ಲಿ ಇಗರ್ಜಿಯ ಸುತ್ತ ಮನೆಗಳು ಒತ್ತಾಗಿ ನಿಂತಿರುತ್ತವೆ. ಕುಂದಾಪುರ ತಾಲೂಕಿನ ನನ್ನ ಊರು ಹೊಸಂಗಡಿ ಹಾಗಿಲ್ಲ. ಬೈಲಿಗೊಂದು, ಹಕ್ಕಲಿಗೊಂದು ಮನೆ. ನೆರೆಯವರನ್ನು ಕರೆಯಲು ಕೂ ಹಾಕಬೇಕು. ಇದನ್ನು ಊರೆನ್ನಬಹುದೇ ಎಂದು ಸಹಪಾಠಿಯೊಬ್ಬರು ಕೇಳಿದ್ದರಿಂದ ಈ ನಾಲ್ಕು ಮಾತು.

ಹೆಸರಿನಲ್ಲೇ ಅಂಗಡಿಯಿದೆ. ಕುಂದಾಪುರದ ಬಂದರಿನಿಂದ ಬಿದನೂರಿಗೆ, ಅಂದರೆ ಇಂದಿನ ನಗರಕ್ಕೆ, ದಾರಿ ಇಲ್ಲಿಂದಲೇ ಘಟ್ಟವೇರುತ್ತಿತ್ತು. ಉಪ್ಪು ಮೇಲಕ್ಕೆ, ಕಾಳುಮೆಣಸು ಕೆಳಕ್ಕೆ. ಹೊನ್ನೆಯಕಂಬಳಿ ಅರಸರು ಇಲ್ಲಿದ್ದು ಆಳಿದರು. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸನ ಸೇನೆ ಇದೇ ಘಟ್ಟ ಹತ್ತಿ ಬಿದನೂರನ್ನು ಹಿಡಿಯಿತು. ಅದೇ ವರ್ಷ ಟಿಪ್ಪು ಅದನ್ನು ಮರಳಿ ಗೆದ್ದನು. ಈಗ ಊರಿನ ಹೆಸರು ಕೇಳಿಬರುವುದು ವಾರಾಹಿಯ ನೆಲದಡಿಯ ವಿದ್ಯುದಾಗಾರದಿಂದ. 1989ರಲ್ಲಿ ಆರಂಭವಾದ ಅದರ ಸಾಮರ್ಥ್ಯ ಇಂದು 460 ಮೆಗಾವಾಟ್.

ಆದರೆ ಚದುರಿದ ಮನೆಗಳನ್ನು ಊರಾಗಿಸಿದ್ದು ಅರಸರಲ್ಲ, ಮುಯ್ಯಾಳು. ಇಂದು ನಮ್ಮ ನಟ್ಟಿಗೆ ನೀವು, ನಾಳೆ ನಿಮ್ಮದಕ್ಕೆ ನಾವು. ಕೂಲಿಯಿಲ್ಲ, ಊಟ ಉಂಟು. ಲೆಕ್ಕವನ್ನು ಯಾರೂ ಬರೆಯುತ್ತಿರಲಿಲ್ಲ, ಮರೆಯುತ್ತಲೂ ಇರಲಿಲ್ಲ. ಮಂದಾರ್ತಿ ಮೇಳದ ಹರಕೆ ಆಟ ಕೊಯ್ಲಾದ ಗದ್ದೆಗೆ ಬಂದಿತೆಂದರೆ ಎಲ್ಲ ಮನೆಗಳೂ ಒಂದೇ ಚಾಪೆಗೆ ಬರುತ್ತಿದ್ದವು.

ನಮ್ಮ ಮನೆಯ ಕೆಳಗಿನ ಬೈಲು ಮೂರು ವರ್ಷಗಳಿಂದ ಹಡಿಲು ಬಿದ್ದಿದೆ. ನೆಡಬೇಕಾದವರು ಬೆಂಗಳೂರಿನ ಹೋಟೆಲುಗಳಲ್ಲಿದ್ದಾರೆ. ಆಟದ ರಾತ್ರಿಗೆ ಮಾತ್ರ ಬಸ್ಸು ಹತ್ತಿ ಬರುತ್ತಾರೆ. ಕಳೆದ ಸಲ ಬೆಳಗಿನ ಮಂಗಳವಾಗುತ್ತಲೇ ನನ್ನಜ್ಜಿ ಅವರಲ್ಲೊಬ್ಬನ ಕೈಹಿಡಿದು, “ನಿಮ್ಮನಿಯವ್ರ್ ನಮ್ಗ್ ಇನ್ನೂ ಎರಡ್ ಆಳ್ ಕೊಡೂಕಿತ್ತ್, ಮಗಾ” ಎಂದಳು.